ಪಕ್ಕದವನ ಗುರಾಣಿ

ಗ್ರೀಕರ ಯುದ್ಧ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಥರ್ಮಾಪಿಲೆಯ ಮುನ್ನೂರು ಜನ. ನನ್ನನ್ನು ಕಾಡೋದು ಮಾತ್ರ ಕ್ರಿಸ್ತಪೂರ್ವ 418ರ ಮಾಂಟಿನಿಯಾ ಯುದ್ಧ. ಒಂದು ಕಡೆ ಸ್ಪಾರ್ಟಾ, ಟೆಜಿಯಾ ಮತ್ತವರ ಮಿತ್ರರು. ಇನ್ನೊಂದು ಕಡೆ ಆರ್ಗೋಸ್, ಮಾಂಟಿನಿಯಾ, ಅಥೆನ್ಸ್ ಸೇರಿ ಕಟ್ಟಿಕೊಂಡ ಕೂಟ.

ಈ ಯುದ್ಧದ ಕಥೆ ಬರೆದ ಥುಸಿಡಿಡೀಸ್ ನಡುವೆ ಒಂದು ಸಣ್ಣ ವಿಷಯ ಹೇಳ್ತಾನೆ. ಸೈನಿಕನ ಗುರಾಣಿ ಎಡಗೈಯಲ್ಲಿರುತ್ತೆ, ಹಾಗಾಗಿ ಅವನ ಬಲಮೈಗೆ ಮರೆಯಿಲ್ಲ. ಅದನ್ನ ಕಾಯೋದು ಬಲಕ್ಕೆ ನಿಂತವನ ಗುರಾಣಿ. ನಡೀತಾ ನಡೀತಾ ಪ್ರತಿಯೊಬ್ಬನೂ ಆ ಗುರಾಣಿಯ ಹತ್ತಿರ ಸರೀತಾನೆ. ಇಡೀ ಸೈನ್ಯವೇ ಬಲಕ್ಕೆ ವಾಲುತ್ತೆ. ಇದನ್ನ ಓದಿದಾಗ ನಾನು ಎಡಗೈ ಎದೆಗೆ ಅಡ್ಡ ಹಿಡಿದು ನೋಡಿದೆ. ಬಲಪಕ್ಕೆ ನಿಜವಾಗ್ಲೂ ಖಾಲಿ. ಭಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಎರಡೂ ಸೈನ್ಯಗಳು ಹೀಗೆ ವಾಲಿದಾಗ ಸ್ಪಾರ್ಟಾದ ಎಡತುದಿಯನ್ನು ಶತ್ರು ಸುತ್ತುವರಿಯೋ ಹಾಗಾಯ್ತು. ದೊರೆ ಅಗಿಸ್ ಆ ತುದಿಯವರನ್ನ ಇನ್ನೂ ಎಡಕ್ಕೆ ಸರಿಯೋಕೆ ಹೇಳಿದ. ನಡುವೆ ಆಗೋ ಸಂದಿ ತುಂಬಿ ಅಂತ ಬಲಗಡೆಯ ಇಬ್ಬರು ದಳಪತಿಗಳಿಗೆ ಅಪ್ಪಣೆ ಕೊಟ್ಟ. ಅವರು ಕದಲಲೇ ಇಲ್ಲ. ಅದೂ ಶಿಸ್ತಿಗೆ ಹೆಸರಾದ ಸ್ಪಾರ್ಟಾ ಸೈನ್ಯದಲ್ಲಿ! ಆ ಸಂದಿಯಲ್ಲಿ ಮಾಂಟಿನಿಯಾದವರೂ ಆರ್ಗೋಸಿನ ಆಯ್ದ ಸಾವಿರ ಜನರೂ ನುಗ್ಗಿ, ಸಾಮಾನಿನ ಗಾಡಿಗಳ ತನಕ ಅಟ್ಟಿಸಿಕೊಂಡು ಹೋದರು.

ಆದ್ರೂ ಗೆದ್ದದ್ದು ಸ್ಪಾರ್ಟಾನೇ. ನಡುಭಾಗದಲ್ಲಿ ಅಗಿಸ್‌ನ ಎದುರಿಗಿದ್ದವರಲ್ಲಿ ಬಹಳ ಜನ ಏಟು ಬೀಳೋಕೆ ಮೊದಲೇ ಓಡಿದರು. ಕೂಟದ ಕಡೆ ಸುಮಾರು 1,100 ಜನ ಸತ್ತರು. ಅಥೆನ್ಸಿನ ಇಬ್ಬರು ಸೇನಾಪತಿಗಳೂ ಉಳಿಯಲಿಲ್ಲ.

ಕೂಟದಲ್ಲೂ ಒಂದು ಸಂದಿ ಇತ್ತು, ಯುದ್ಧಕ್ಕೆ ಮುಂಚೆಯೇ ಬಿದ್ದದ್ದು. ಮೊದಲು ಯಾವ ಊರಿನ ಮೇಲೆ ಹೋಗೋದು ಅಂತ ಅವರೊಳಗೇ ಜಗಳ. ಈಲಿಸ್‌ನವರು ಲೆಪ್ರಿಯಂ ಅಂದರು. ಮಾಂಟಿನಿಯಾದವರು ಟೆಜಿಯಾ ಅಂದರು, ಆರ್ಗೋಸ್, ಅಥೆನ್ಸಿನವರೂ ಅವರ ಜೊತೆ ಸೇರಿದರು. ಈಲಿಸ್‌ನವರು ಮುನಿಸಿಕೊಂಡು ಮನೆಗೆ ಹೋದರು. ಅವರ 3,000 ಜನ ಸಹಾಯಕ್ಕೆ ಅಂತ ಬಂದದ್ದು ಯುದ್ಧ ಮುಗಿದ ಮೇಲೆ.

ಕದಲದ ಆ ಇಬ್ಬರು ದಳಪತಿಗಳನ್ನ ಸ್ಪಾರ್ಟಾ ಹೇಡಿಗಳೆಂದು ಗಡೀಪಾರು ಮಾಡಿತು. ಈಲಿಸನ್ನ ಕೇಳೋರು ಯಾರು? ಸೈನ್ಯಕ್ಕೆ ಒಬ್ಬ ದೊರೆ ಇದ್ದ, ಕೂಟಕ್ಕೆ ಇದ್ದದ್ದು ಬರೀ ಮಾತು. ಸ್ಪಾರ್ಟಾದವರು ಹೆಚ್ಚು ಧೈರ್ಯವಂತರು, ಅದಕ್ಕೇ ಗೆದ್ದರು ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಅವರ ಸಾಲಲ್ಲೂ ಸಂದಿ ಬಿದ್ದಿತ್ತು. ಆದರೆ ಕೂಟದವರಿಗೆ ಬೇಕಾಗಿದ್ದ ಮೂರು ಸಾವಿರ ಗುರಾಣಿಗಳು ಆ ಹೊತ್ತಿಗೆ ಮೈದಾನದಲ್ಲೇ ಇರಲಿಲ್ಲ.