ದೇರಾ ದಡದಲ್ಲಿ ನಮ್ಮ ರೂಪಾಯಿ

ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟಿದ ನೆನಪುಳ್ಳ ಹಿರಿಯರಿಗೆ ದುಬೈಯ ಅಳಿವೆ ಅಷ್ಟೇನೂ ಅಪರಿಚಿತವೆನಿಸದು. ಬರ್ ದುಬೈಯಿಂದ ದೇರಾಕ್ಕೆ ‘ಅಬ್ರಾ’ ಎಂಬ ಮರದ ದೋಣಿ. ಕೆಲವೇ ನಿಮಿಷಗಳ ಪಯಣ, ಕೂಲಿ 1 ದಿರ್ಹಮ್. ಕಾಫಿಯ ಹೂಜಿಯ ಚಿತ್ರವುಳ್ಳ ನಾಣ್ಯವನ್ನು ಅಂಬಿಗನ ಕೈಗಿತ್ತರೆ ವ್ಯವಹಾರ ಮುಗಿಯಿತು. ಆಚೆ ದಡದಲ್ಲಿ ಏಲಕ್ಕಿ, ಕೇಸರಿ, ಒಣಲಿಂಬೆಗಳ ಪರಿಮಳ. ಇನ್ನೂ ಒಳಗೆ ನಡೆದರೆ ನೈಫ್ ಪೇಟೆ. ಅಲ್ಲಿ ಮಲಯಾಳ, ತುಳು, ಬ್ಯಾರಿ ಮಾತುಗಳು ಕಿವಿಗೆ ಬಿದ್ದಾಗ ಕಾಸರಗೋಡಿನ ಪೇಟೆಯಲ್ಲಿಯೇ ನಿಂತಂತಾಯಿತು.

ಈ ದಡದಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತೆಂಬುದು ಇಂದಿನ ತರುಣರಿಗೆ ಸೋಜಿಗವೆನಿಸೀತು. ಚಿನ್ನದ ಕಳ್ಳಸಾಗಣೆಯಿಂದ ವಿದೇಶೀ ವಿನಿಮಯ ಸೋರಿಹೋಗುತ್ತಿದ್ದುದರಿಂದ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಬೆಲೆ ಮಾತ್ರ ನಮ್ಮ ರೂಪಾಯಿಗೆ ಸಮ. 1966ರ ಜೂನಿನಲ್ಲಿ ಭಾರತವು ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿದಾಗ ದುಬೈ ಅದನ್ನು ಕೈಬಿಟ್ಟಿತು. 1973ರಲ್ಲಿ ದಿರ್ಹಮ್ ಬಂದಿತು. 1997ರಿಂದ ಡಾಲರಿಗೆ 3.6725 ದಿರ್ಹಮ್ ಎಂದು ಗಂಟುಹಾಕಿರುವುದರಿಂದ, ನಮ್ಮ ರೂಪಾಯಿಯು ಡಾಲರಿನೆದುರು ಎಷ್ಟು ಕುಗ್ಗುವುದೋ ದಿರ್ಹಮಿನೆದುರೂ ಅಷ್ಟೇ ಕುಗ್ಗುತ್ತದೆ.

ಇಷ್ಟೆಲ್ಲ ಬಲ್ಲವನಾಗಿಯೂ ನಾನು ಅಲ್ಲಿ ಮೋಸಹೋದೆನು. ಅಲ್ಲ, ಮೋಸವೆನ್ನಲಾಗದು, ಕೇಳಿಯೇ ತೆಗೆದುಕೊಂಡರು.

ಅಳಿಯನಿಗೆ ಮದುವೆಯ ಸಮಯದಲ್ಲಿ ಕೊಡಲಾಗದಿದ್ದ ಕೈಗಡಿಯಾರವೊಂದನ್ನು ನನ್ನ ಪಿಂಚಣಿಯ ಹಣದಿಂದಲೇ ಕೊಳ್ಳಬೇಕೆಂದು, ಯಾರಿಗೂ ಹೇಳದೆ ಒಬ್ಬನೇ ಹೋಗಿದ್ದೆನು. ಬೆಲೆ 1,000 ದಿರ್ಹಮ್. ಕ್ರೆಡಿಟ್ ಕಾರ್ಡನ್ನು ಯಂತ್ರಕ್ಕೆ ತೋರಿಸಿದೊಡನೆ ಪರದೆಯ ಮೇಲೆ ಎರಡು ಸಾಲುಗಳು ಮೂಡಿದವು: ದಿರ್ಹಮಿನಲ್ಲಿ 1,000, ರೂಪಾಯಿಯಲ್ಲಿ 25,200. ಅಂಗಡಿಯ ಹುಡುಗ ವಿನಯದಿಂದಲೇ ಕೇಳಿದನು, ಯಾವುದರಲ್ಲಿ ಕೊಡುವಿರೆಂದು. ಪರದೇಶದಲ್ಲಿ ನಮ್ಮ ರೂಪಾಯಿಯ ಹೆಸರನ್ನು ಕಂಡ ಸಂತೋಷದಲ್ಲಿ ಅದನ್ನೇ ಒತ್ತಿದೆನು.

ಚೀಟಿ ಗಡಿಯಾರದ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಮರುದಿನ ಅಳಿಯ ಅದನ್ನೋದಿ ಕೊಂಚ ಸಂಕೋಚದಿಂದಲೇ ಹೇಳಿದನು: “ಮಾವ, ಇಲ್ಲಿ ಯಾವಾಗಲೂ ದಿರ್ಹಮನ್ನೇ ಒತ್ತಬೇಕು. ರೂಪಾಯಿಯ ಈ ದರ ಅಂಗಡಿಯವರ ಬ್ಯಾಂಕು ಹಾಕಿದ್ದು.”

ಲೆಕ್ಕವನ್ನು ಬಿಡಿಸಿಯೇ ನೋಡೋಣ. ಸೌಕರ್ಯಕ್ಕಾಗಿ ಅಂದಿನ ದರ 24 ರೂಪಾಯಿ ಎನ್ನೋಣ. ದಿರ್ಹಮನ್ನು ಒತ್ತಿದ್ದರೆ ಕಾರ್ಡಿನ ಜಾಲದ ದರದಂತೆ 24,000. ಅದರ ಮೇಲೆ ನನ್ನ ಬ್ಯಾಂಕಿನ ವಿದೇಶೀ ಶುಲ್ಕ ಶೇಕಡಾ 3.5, ಅಂದರೆ 840. ಆ ಶುಲ್ಕದ ಮೇಲೆ ಶೇಕಡಾ 18ರ ಜಿ.ಎಸ್.ಟಿ. 151 ರೂಪಾಯಿ 20 ಪೈಸೆ. ಒಟ್ಟು 24,991 ಚಿಲ್ಲರೆ. ಇದೇನೂ ಕಡಿಮೆಯಲ್ಲ. ಆದರೆ ರೂಪಾಯಿಯನ್ನು ಒತ್ತಿದ ಕಾರಣ ಶೇಕಡಾ 5ರ ಹೆಚ್ಚಳವು ದರದೊಳಗೇ ಅಡಗಿ ಕುಳಿತಿತು. ಊರಿಗೆ ಮರಳಿದ ಮೇಲೆ ಬಂದ ಲೆಕ್ಕಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು: ರೂಪಾಯಿಯಲ್ಲಿ ಕೊಟ್ಟರೂ ಅಂಗಡಿ ಹೊರದೇಶದ್ದಾದ್ದರಿಂದ ಶೇಕಡಾ 1 ಶುಲ್ಕ, ಅದಕ್ಕೂ ಜಿ.ಎಸ್.ಟಿ. ಒಟ್ಟು 25,497 ಚಿಲ್ಲರೆ. ಐನೂರು ರೂಪಾಯಿಗಳಿಗಿಂತ ನನ್ನನ್ನು ಹೆಚ್ಚು ಬಾಧಿಸಿದ್ದು, ಉಡುಗೊರೆಯ ಬೆಲೆಯನ್ನು ಅಳಿಯನ ಬಾಯಿಂದ ಕೇಳಬೇಕಾಗಿ ಬಂದುದು.

ಅಂಗಡಿಯಲ್ಲಿದ್ದಾಗಲೇ ಚೀಟಿಯನ್ನು ನೋಡಿದ್ದರೆ, ವ್ಯವಹಾರವನ್ನು ರದ್ದುಪಡಿಸಿ ದಿರ್ಹಮಿನಲ್ಲಿ ಮತ್ತೆ ಮಾಡಿರೆಂದು ಕೇಳಬಹುದಾಗಿತ್ತು. ನಗದು ಕೊಡುವ ಎ.ಟಿ.ಎಂ. ಯಂತ್ರವೂ ಇದೇ ಪ್ರಶ್ನೆಯನ್ನು ಕೇಳುವುದುಂಟು. ಪರಿವರ್ತನೆ ಬೇಡವೆಂದೇ ಉತ್ತರಿಸಬೇಕು. ಅಲ್ಲಿ ಯಂತ್ರದ ಒಡೆಯನದೊಂದು ಶುಲ್ಕ, ನಮ್ಮ ಬ್ಯಾಂಕಿನದೊಂದು ಶುಲ್ಕ ಪ್ರತಿಸಲವೂ ಬೀಳಬಹುದಾದ್ದರಿಂದ, ನೂರು ನೂರಾಗಿ ನಾಲ್ಕು ಸಲ ತೆಗೆಯುವವನು ನಾಲ್ಕು ಸಲ ತೆರುತ್ತಾನೆ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ ಓಡತೊಡಗುತ್ತದೆ. ಊರಿನಲ್ಲಿಯೇ ದಿರ್ಹಮ್ ತುಂಬಿಸಿಕೊಂಡ ಪ್ರಯಾಣದ ಕಾರ್ಡು ಇದ್ದರೆ ಅಂಗಡಿಯಲ್ಲಿ ಈ ಪರಿವರ್ತನೆಯ ಶುಲ್ಕವಿಲ್ಲ. ಡಾಲರ್ ತುಂಬಿಸಿ ದಿರ್ಹಮ್ ಖರ್ಚುಮಾಡಿದರೆ ಮತ್ತೊಂದು ಪರಿವರ್ತನೆಯ ಶುಲ್ಕ ಬೀಳುತ್ತದೆ. ಇನ್ನೊಂದು ಮಾತು: 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ಸ್ವದೇಶದ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ತೆರೆಸಿಕೊಂಡು ವಿಮಾನ ಹತ್ತಬೇಕು.

ಹೊರಡುವ ಹಿಂದಿನ ಸಂಜೆ ಅಳಿಯನೊಡನೆ ಮತ್ತೆ ಅಬ್ರಾ ಹತ್ತಿದೆನು. ಅವನ ಕೈಯಲ್ಲಿ ಆ ಗಡಿಯಾರವಿತ್ತು. ಇಬ್ಬರ ಕೂಲಿಯನ್ನೂ ಅವನು ಕೊಡಹೋದಾಗ ತಡೆದು, ಜೇಬಿನಲ್ಲುಳಿದಿದ್ದ ಎರಡು ನಾಣ್ಯಗಳನ್ನು ನಾನೇ ಅಂಬಿಗನಿಗೆ ಕೊಟ್ಟೆನು.