ನೀರಿಳಿದ ಮೇಲೆ ಉಳಿದದ್ದು

ಕಷ್ಟಕಾಲದಲ್ಲಿ ಒಳಿತನ್ನು ಕಾಣಬೇಕೆಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಮುಂಬಯಿಯ ಕನ್ನಡಿಗರಾದ ನಮಗೆ ಅದರ ಅರ್ಥ ತಿಳಿದದ್ದು 2005ರ ಜುಲೈ 26ರಂದು. ಅಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠೀ ನದಿ ಉಕ್ಕಿತು, ಲೋಕಲ್ ರೈಲುಗಳು ನಿಂತವು. ಕುರ್ಲಾದ ನಮ್ಮ ನೆಲಮಹಡಿಯ ಮನೆಯಲ್ಲಿ ಎದೆಮಟ್ಟದ ನೀರು. ಊರಿನಿಂದ ತಂದ ಅಕ್ಕಿ, ಅಪ್ಪನ ಪುಸ್ತಕಗಳು, ಮದುವೆಯ ಚಿತ್ರಗಳು ಎಲ್ಲವೂ ಹೋದವು. ಆ ರಾತ್ರಿ ನಮ್ಮನ್ನು ಮೇಲಿನ ಮಹಡಿಗೆ ಕರೆದೊಯ್ದವರು, ವರ್ಷಗಳಿಂದ ಬರಿಯ ಮುಗುಳ್ನಗೆಯ ಪರಿಚಯವಿದ್ದ ನೆರೆಯವರು. ಒಂದು ಕೋಣೆ, ಹದಿನಾಲ್ಕು ಮಂದಿ, ನಾಲ್ಕು ಭಾಷೆ, ಒಂದು ಪಾತ್ರೆ ಖಿಚಡಿ. ಹೊರಗೆ ಅಪರಿಚಿತರು ಹಗ್ಗ ಹಿಡಿದು ದಾರಿಹೋಕರನ್ನು ದಾಟಿಸುತ್ತಿದ್ದರು.

ನೂರಾರು ಜನರನ್ನು ಬಲಿ ಪಡೆದ ಆ ಮಳೆಯನ್ನು ನಾವು ವರವೆಂದು ಕರೆಯಲಾರೆವು. ನಗರದ ಧೈರ್ಯವನ್ನು ಹೊಗಳುವ ಭರದಲ್ಲಿ, ನದಿಯ ಪಾತ್ರವನ್ನು ಕಿರಿದಾಗಿಸಿದ್ದನ್ನು ಮರೆಯಲೂ ಒಲ್ಲೆವು. ಆದರೆ ಕಳೆದುಕೊಂಡದ್ದನ್ನು ಬರೆದಿಡುವಾಗ ಪಡೆದದ್ದನ್ನೂ ಬರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಮುಂದೆ 2020ರ ಲಾಕ್‌ಡೌನಿನ ದಿನಗಳಲ್ಲಿಯೂ ನಮ್ಮನ್ನು ಕುಸಿಯಗೊಡದೆ ಕಾಪಾಡಿದ್ದು ಎರಡು ಬದಿಯ ಈ ಲೆಕ್ಕವೇ.