ಮರುಳುಗಳ ಸಿನೇಮಾ

ಮುಧೋಳದ ಒಂದು ಮನೆಯ ಪಡಸಾಲೆಯಲ್ಲಿ ಚಳಿಗಾಲದ ಒಂದು ಸಂಜೆ ಹೆಣಗಳು ಎದ್ದು ಓಡಾಡುತ್ತಿದ್ದವು. ಓಡಾಡುತ್ತಿದ್ದುದು ಪರದೆಯ ಮೇಲೆ. ಅದನ್ನು ನೋಡಿ ನಗುತ್ತಿದ್ದವನು ಹದಿನೇಳು ವರ್ಷದ ಮೊಮ್ಮಗನು. ಬಾಗಿಲಲ್ಲಿ ಕೋಲೂರಿ ನಿಂತಿದ್ದವರು ಅವನ ಅಜ್ಜ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಊರಿಗೆ ಮರಳಿದ ಮಾಸ್ತರರು.

ಆ ಚಿತ್ರವು 1992ರಲ್ಲಿ ಪೀಟರ್ ಜಾಕ್ಸನ್ ಎಂಬಾತನು ನ್ಯೂಝಿಲಂಡದಲ್ಲಿ ತೆಗೆದ ‘ಬ್ರೇನ್‌ಡೆಡ್’. ಅದರ ಕಥಾನಾಯಕನು ಹುಲ್ಲು ಕತ್ತರಿಸುವ ಯಂತ್ರವನ್ನು ಎದೆಯೆತ್ತರಕ್ಕೆ ಹಿಡಿದು, ಮನೆತುಂಬ ನೆರೆದ ಜೀವಚ್ಛವಗಳ ನಡುವೆ ನುಗ್ಗುತ್ತಾನೆ. ಕೈಕಾಲುಗಳು ಹಾರುವವು; ನೆಲವೆಲ್ಲ ನೆತ್ತರ ಕೆಸರಾಗುವದು. ಇಷ್ಟು ಅತಿಯಾದ ಮೇಲೆ ಭಯವು ನಿಲ್ಲುವದಿಲ್ಲ, ನಗೆಯಾಗಿ ಒಡೆಯುವದು. ದೊಡ್ಡಾಟದ ರಕ್ಕಸನು ಬೊಬ್ಬಿರಿದು ರಂಗಕ್ಕೆ ಹಾರಿದಾಗ ಮುಂದಿನ ಸಾಲಿನ ಹುಡುಗರು ಮೊದಲು ಚೀರಿ ಬಳಿಕ ನಗುವದನ್ನು ಕಂಡವರಿಗೆ ಇದೇನೂ ಹೊಸದಲ್ಲ.

“ಏನೋ ಇದು ಹೊಲಸು?” ಎಂದರು ಮಾಸ್ತರರು.

“ಮುತ್ಯಾ, ಅವು ಮದ್ಲ ಸತ್ತಾವ್ರಿ. ಎಷ್ಟ ಹೊಡದ್ರೂ ಪಾಪ ಹತ್ತೂದಿಲ್ಲ.”

ಇಂಥ ಚಿತ್ರಗಳ ಮೋಹದ ಮರ್ಮವೆಲ್ಲ ಹುಡುಗನ ಆ ಒಂದು ಮಾತಿನಲ್ಲಿದೆ. ಅಲ್ಲಿಯ ಶತ್ರುವಿಗೆ ತಾಯಿಯಿಲ್ಲ, ಊರಿಲ್ಲ, ಹೆಸರಿಲ್ಲ. ದಿನವೆಲ್ಲ ಮಗ್ಗದ ಸದ್ದಿನಲ್ಲಿ ಕುಳಿತವನೂ ಪರೀಕ್ಷೆಗೆ ಅಂಜಿದವನೂ ಸಾಲ ಕೊಟ್ಟವನೆದುರು ತಲೆತಗ್ಗಿಸಿದವನೂ ಎರಡು ತಾಸಿನ ಮಟ್ಟಿಗೆ ಭೀಮಸೇನರಾಗುವರು. ಕೈಗೆ ರಕ್ತ ಅಂಟುವದಿಲ್ಲ. ಚಿತ್ರಗಳೇನೋ ಬಹಳಷ್ಟು ಕಸವೇ. ಆದರೆ ಆ ಹಸಿವು ಸುಳ್ಳಲ್ಲ.

ಜಾಂಬಿಯು ಮೊದಲಿಗೆ ಹೀಗೆ ಕೊಲ್ಲುವದಕ್ಕಾಗಿ ಹುಟ್ಟಿದ ಪ್ರಾಣಿಯಲ್ಲ. ಅದರ ತವರು ಹಾಯಿಟಿ. ಆಫ್ರಿಕೆಯಿಂದ ತಂದ ಗುಲಾಮರು ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ನಾಡು. ಸತ್ತ ಮೇಲೂ ಬಿಡುಗಡೆಯಿಲ್ಲ, ಮಾಂತ್ರಿಕನು ಎಬ್ಬಿಸಿ ಮತ್ತೆ ದುಡಿಸುವನೆಂಬ ಅಂಜಿಕೆಯೇ ಅಲ್ಲಿಯ ಜಾಂಬಿ. 1932ರ ‘ವೈಟ್ ಜಾಂಬಿ’ ಎಂಬ ಅಮೇರಿಕೆಯ ಬೋಲಪಟದಲ್ಲಿ ಇಂಥವರು ಸಕ್ಕರೆಯ ಗಿರಣಿಯನ್ನು ತಿರುವುತ್ತಾರೆ; ಒಬ್ಬನು ಯಂತ್ರದೊಳಗೆ ಬಿದ್ದರೂ ಉಳಿದವರು ನಿಲ್ಲುವದಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಂಗಾಮಿನಲ್ಲಿ ಸಾಲುಗಟ್ಟುವ ಮುಧೋಳ-ಜಮಖಂಡಿಯ ಸೀಮೆಯವರು ಆ ದೃಶ್ಯವನ್ನು ಕಂಡು ನಗಲಾರರು. 1968ರಲ್ಲಿ ಜಾರ್ಜ್ ರೊಮೆರೊ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದು ಹೆಣಗಳನ್ನು ನರಭಕ್ಷಕರ ಹಿಂಡು ಮಾಡಿದನು. ಆ ಮೇಲೆ ದುಡಿಮೆಗಾರನು ಮರೆತುಹೋದನು, ಹಿಂಡು ಉಳಿಯಿತು.

ಮಾಸ್ತರರಿಗೆ ನೆನಪಾದವನು ಬೇರೊಬ್ಬನು, ಇದೇ ಊರಿನ ಬಳೆಗಾರರ ಮನೆತನದ ರನ್ನ. ಹತ್ತನೆಯ ಶತಮಾನದ ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ಶರಶಯ್ಯೆಯ ಭೀಷ್ಮನನ್ನು ಕಾಣಲು ರಣಭೂಮಿಯನ್ನು ದಾಟಿ ಹೋಗುತ್ತಾನೆ. ಅಲ್ಲಿಯೂ ನೆತ್ತರು, ಅಲ್ಲಿಯೂ ಮರುಳುಗಳು. ಅತಿಶಯದಲ್ಲಿ ರನ್ನನು ನ್ಯೂಝಿಲಂಡದವನಿಗೆ ಸೋಲುವವನಲ್ಲ. ಆದರೆ ರನ್ನನ ಹೆಣಗಳಿಗೆ ಹೆಸರಿದೆ. ದುರ್ಯೋಧನನು ದ್ರೋಣನ ಬಳಿ ನಿಲ್ಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವನ್ನು ಕೊಂಡಾಡಿ, ಅಂಥ ಮರಣವು ತನಗೂ ಬರಲೆಂದು ಬೇಡುತ್ತಾನೆ. ದುಶ್ಶಾಸನನೆದುರು, ಕರ್ಣನೆದುರು ಕರಗುತ್ತಾನೆ. ಲಕ್ಷಣಕುಮಾರನೆದುರು, ತಂದೆಗೆ ಮಗನು ತರ್ಪಣದ ನೀರು ಬಿಡುವದು ಕ್ರಮವಾಗಿರಲು ನೀನದನ್ನು ತಿರುವುಮುರುವು ಮಾಡಿದೆಯಲ್ಲಾ ಎಂದು ಹಲುಬುತ್ತಾನೆ. ಆ ಪದ್ಯವನ್ನು ಮಾಸ್ತರರು ಮೂವತ್ತು ವರ್ಷ ಅನ್ವಯ, ಅಲಂಕಾರಗಳೊಡನೆ ಬಿಡಿಸಿ ಹೇಳಿದ್ದರು.

2021ರ ಮೇ ತಿಂಗಳಲ್ಲಿ ಅವರ ಮಗನು ಕೊರೋನಾ ಬೇನೆಯಿಂದ ತೀರಿಕೊಂಡನು. ಸುತ್ತಿ ಕಟ್ಟಿದ ದೇಹವನ್ನು ಮನೆಯವರು ದೂರದಿಂದ ನೋಡಿದರು, ಮುಖ ಕಾಣಲಿಲ್ಲ. ಆ ದಿನದ ಲೆಕ್ಕದಲ್ಲಿ ಅವನೊಂದು ಅಂಕೆಯಾದನು. ಅಂದಿನಿಂದ ಮಾಸ್ತರರು ಆ ಪುಸ್ತಕವನ್ನು ತೆರೆದಿರಲಿಲ್ಲ. ಹುಡುಗನು ಇಂಥ ಚಿತ್ರಗಳ ಬೆನ್ನುಹತ್ತಿದ್ದೂ ಅಂದಿನಿಂದಲೇ ಎಂಬುದು, ಬಾಗಿಲಲ್ಲಿ ನಿಂತ ಆ ಸಂಜೆಯ ವರೆಗೆ ಅವರಿಗೆ ಹೊಳೆದಿರಲಿಲ್ಲ.

ಒಳಗೆ ಬಂದು ಪಕ್ಕದಲ್ಲಿ ಕುಳಿತರು. ಹುಡುಗನು ಬೇರೊಂದನ್ನು ಹಚ್ಚಿದನು. 2016ರಲ್ಲಿ ಕೊರಿಯಾದಲ್ಲಿ ಯೆಓನ್ ಸಾಂಗ್-ಹೋ ತೆಗೆದ ‘ಟ್ರೇನ್ ಟು ಬುಸಾನ್’. ಓಡುವ ರೇಲ್ವೆಯೊಳಗೆ ಬೇನೆ ಹಬ್ಬುವದು, ಡಬ್ಬಿಯಿಂದ ಡಬ್ಬಿಗೆ ಜನರು ಬಡಿದಾಡುತ್ತ ಸಾಗುವದು, ಎಲ್ಲವೂ ಭರದಿಂದ ನಡೆಯಿತು. ಕಡೆಯ ಭಾಗ ಬಂದಾಗ ಹುಡುಗನು ನಿಲ್ಲಿಸಹೋದನು.

“ಯಾಕೋ?”

“ಇಲ್ಲಿಂದ ಮುಂದ ನಾ ನೋಡಿಲ್ರಿ ಮುತ್ಯಾ.”

“ಇಬ್ಬರೂ ಕೂಡಿ ನೋಡೋಣ ಬಿಡು.”

ಕಚ್ಚಿಸಿಕೊಂಡ ತಂದೆಯು ಚಿಕ್ಕ ಮಗಳನ್ನು ಸುರಕ್ಷಿತವಾಗಿ ಕೂಡಿಸಿ, ತನ್ನ ಅರಿವು ತಪ್ಪುವ ಮುನ್ನ, ಅವಳು ಹುಟ್ಟಿದ ದಿನ ಎತ್ತಿಕೊಂಡುದನ್ನು ನೆನೆಯುತ್ತ ಓಡುವ ಬಂಡಿಯಿಂದ ಕೆಳಗೆ ಬೀಳುತ್ತಾನೆ. ಅಲ್ಲಿಯ ವರೆಗೆ ಹಿಂಡಾಗಿ ಸತ್ತವರೊಳಗೆ ಒಬ್ಬನಿಗೆ ಒಮ್ಮೆಲೆ ಮುಖ ಮೂಡುವದು. ಹುಡುಗನು ನಗಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಬಹಳ ಹೊತ್ತು ಒರೆಸಿದರು.

“ರನ್ನನ ಪುಸ್ತಕದಾಗೂ ಮರುಳ ಅದಾವಂತ ಸಾಲ್ಯಾಗ ಹೇಳಿದ್ರು. ಖರೇನೇನ್ರಿ?” ಎಂದು ಹುಡುಗನು ಕೇಳಿದನು.

“ಕಪಾಟಿನ ಮ್ಯಾಲಿನ ಖಾನೆದಾಗ ಐತಿ, ಕೆಂಪ ರಟ್ಟಿಂದು. ತಗೊಂಡ ಬಾ.”